ಚಕ್ಕುಲಿ ಡಬ್ಬದ ಕೇಬಲ್

ನಮ್ಮ ಮನೆಯ ಕಂಪ್ಯೂಟರನ್ನು ನಾನು ಕೊಂಡದ್ದಲ್ಲ, ಜೋಡಿಸಿದ್ದು. ಈ ಮಾತನ್ನು ಎಷ್ಟು ಜನರೆದುರು ಎಷ್ಟು ಸಲ ಹೇಳಿದ್ದೇನೆಂದರೆ, ಮನೆಗೆ ಬಂದವರು ಆ ಮೂಲೆಯ ಕಡೆ ನೋಡಿದರೆ ಸಾಕು, ಹೆಂಡತಿ ಎದ್ದು ಚಹಾ ಮಾಡಲು ಹೋಗುತ್ತಿದ್ದಳು. ನಾನು ಓದಿದ್ದು ಬಿ.ಕಾಂ. ಕೆಲಸ ಅಂಧೇರಿಯ ಒಂದು ವಿಮಾ ಕಚೇರಿಯಲ್ಲಿ ಕ್ಲೇಮಿನ ಕಾಗದಗಳನ್ನು ನೋಡುವುದು. ಆದರೂ ಮಲಾಡಿನ ನಮ್ಮ ಬಿಲ್ಡಿಂಗಿನಲ್ಲಿ ಯಾರ ಕಂಪ್ಯೂಟರ್ ಕೈಕೊಟ್ಟರೂ ಮೊದಲು ನಮ್ಮ ಮನೆಯ ಬೆಲ್ ಬಾರಿಸುತ್ತಿದ್ದರು. ನಾನು ಸ್ಕ್ರೂಡ್ರೈವರ್ ಹಿಡಿದುಕೊಂಡು ಲುಂಗಿಯಲ್ಲೇ ಹೋಗುತ್ತಿದ್ದೆ. ಹೆಚ್ಚಿನವು ಸರಿಹೋಗುತ್ತಿದ್ದವು. ಹೋಗದಿದ್ದರೆ ಕಂಪನಿಯನ್ನು ಬೈದು ಬರುತ್ತಿದ್ದೆ.

ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿದರೆ ಒಳಗೆ ಒಂದು ಮೂಲೆಯಲ್ಲಿ ಇನ್ನೊಂದು ಚಿಕ್ಕ ಡಬ್ಬಿ ಇರುತ್ತದೆ. ಅದಕ್ಕೆ ಎಸ್‌ಎಂಪಿಎಸ್ ಅನ್ನುತ್ತಾರೆ. ಗೋಡೆಯಿಂದ ಬಂದ ಕರೆಂಟನ್ನು ಹದ ಮಾಡಿ, ಒಳಗಿನ ಸಾಮಾನುಗಳಲ್ಲಿ ಯಾರಿಗೆ ಎಷ್ಟು ಬೇಕೋ ಅಷ್ಟು ಬಡಿಸುವುದು ಅದರ ಕೆಲಸ. ಹಳದಿ ತಂತಿಯಲ್ಲಿ ಹನ್ನೆರಡು ವೋಲ್ಟ್, ಕೆಂಪಿನಲ್ಲಿ ಐದು, ಕಪ್ಪು ವಾಪಸು ಹೋಗುವ ದಾರಿ. ತಂತಿಗಳ ತುದಿಯಲ್ಲಿ ಕನೆಕ್ಟರುಗಳು. ಹಾರ್ಡ್ ಡಿಸ್ಕಿಗೊಂದು, ಡಿವಿಡಿ ಡ್ರೈವಿಗೊಂದು, ಫ್ಯಾನಿಗೊಂದು. ಎಂಥ ಡಬ್ಬಿ ತಂದರೂ ನಿಮಗೆ ಬೇಕಾದ್ದಕ್ಕಿಂತ ಒಂದು ಕನೆಕ್ಟರ್ ಕಡಿಮೆಯೇ ಇರುತ್ತದೆ. ಇದು ನನ್ನ ಇಪ್ಪತ್ತು ವರ್ಷದ ಅನುಭವ.

ಅದಕ್ಕೆ ವೈ ಕೇಬಲ್ ಅಂತ ಬರುತ್ತದೆ. ಒಂದು ತಲೆ, ಎರಡು ಬಾಲ. ಒಂದು ಕನೆಕ್ಟರಿಗೆ ಅದನ್ನು ಸಿಕ್ಕಿಸಿದರೆ ಇಬ್ಬರಿಗೆ ಆಗುತ್ತದೆ. ಅದರ ಒಂದು ಬಾಲಕ್ಕೆ ಮತ್ತೊಂದು ವೈ ಸಿಕ್ಕಿಸಿದರೆ ಮೂವರಿಗೆ. ಹೀಗೆ ಮಾಡಬಾರದು ಅನ್ನುತ್ತಾರೆ. ಆದರೆ ಮಾಡಬಾರದು ಅನ್ನುವವರು ಸಂಜೆಯ ಲೋಕಲ್ ಟ್ರೇನು ಹತ್ತಿದವರಲ್ಲ. ಮೂವರು ಕೂತ ಸೀಟಿನ ತುದಿಗೆ ನಾಲ್ಕನೆಯವನು ಬಂದು, ಬಾಯಿ ಬಿಡದೆ ಕೈಯನ್ನು ಚೂರು ಆಡಿಸುತ್ತಾನೆ. ಮೂವರೂ ಮೊಬೈಲಿನಿಂದ ತಲೆ ಎತ್ತದೆ ಸರಿಯುತ್ತಾರೆ. ಅವನು ಅರ್ಧ ಕುಂಡೆ ಊರಿಕೊಂಡು ಕೊನೆಯ ಸ್ಟೇಷನ್ ವಿರಾರ್‌ವರೆಗೂ ಹೋಗುತ್ತಾನೆ. ನಾನು ಮೈಸೂರು ಕಡೆಯಿಂದ ಈ ಊರಿಗೆ ಬಂದು ಮೊದಲ ವಾರದಲ್ಲಿ ಕಲಿತದ್ದು ಇದನ್ನೇ. ನನ್ನ ಕಂಪ್ಯೂಟರಿನ ಒಳಗೂ ಎರಡು ಡಿಸ್ಕು, ಡಿವಿಡಿ ಡ್ರೈವು, ಎರಡು ಫ್ಯಾನು, ಎಲ್ಲವೂ ಒಂದೇ ತಂತಿಯನ್ನು ಹಂಚಿಕೊಂಡು ವರ್ಷಗಟ್ಟಲೆ ಬಾಳಿದ್ದವು.

ಇನ್ನೊಂದು ಅಭ್ಯಾಸವನ್ನೂ ಹೇಳಬೇಕು. ನಾನು ಯಾವ ಕೇಬಲನ್ನೂ ಎಸೆಯುವುದಿಲ್ಲ. ಕೆಟ್ಟ ಸಾಮಾನನ್ನು ಭಂಗಾರದವನಿಗೆ, ಅಂದರೆ ಗುಜರಿಯವನಿಗೆ, ಕೊಡುವ ಮೊದಲು ಅದರ ತಂತಿಗಳನ್ನು ಬಿಡಿಸಿ, ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಒಂದು ದೊಡ್ಡ ಚಕ್ಕುಲಿ ಡಬ್ಬದಲ್ಲಿ ಇಡುತ್ತಿದ್ದೆ. ಡಬ್ಬ ಹೆಂಡತಿ ತವರಿನಿಂದ ತಂದದ್ದು. ಅದನ್ನು ಅವಳು 'ನಿಮ್ಮ ಹಾವಿನ ಬುಟ್ಟಿ' ಅನ್ನುತ್ತಿದ್ದಳು. "ಒಂದಿನ ಯಾವುದಾದರೂ ಕಚ್ಚುತ್ತೆ ನೋಡಿ" ಅಂತಲೂ ಅನ್ನುತ್ತಿದ್ದಳು. ಅವಳಿಗೆ ಡಬ್ಬ ವಾಪಸು ಬೇಕಿತ್ತು, ಅಷ್ಟೆ.

ನಮಗೆ ಒಬ್ಬಳೇ ಮಗಳು. ಇಪ್ಪತ್ತೆರಡು ವರ್ಷ. ಅಂಧೇರಿಯ ಒಂದು ಎಡಿಟಿಂಗ್ ಸ್ಟುಡಿಯೋದಲ್ಲಿ ಸಹಾಯಕರ ಸಹಾಯಕಿ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರಿಸುತ್ತಾಳೆ. ಮಧ್ಯೆ ಒಂದೊಂದು ಕನ್ನಡ ಪದ ಬಂದರೆ ಅದು ನಮ್ಮ ಮೇಲಿನ ಪ್ರೀತಿಗೆ. ನಮ್ಮ ಜೊತೆ ಅವಳಾಡಿದ ಹಿಂದಿಯನ್ನು ಇಲ್ಲಿ ಹೆಚ್ಚಾಗಿ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದೇನೆ. ನಾನು ಅದರ ಬಗ್ಗೆ ಬೇಸರಪಟ್ಟುಕೊಂಡವನಲ್ಲ. ಬೇಸರಪಟ್ಟುಕೊಂಡರೂ ಅವಳ ಭಾಷೆ ಬದಲಾಗುತ್ತಿರಲಿಲ್ಲ.

ಅವಳಿಗೆ ಮೊದಲ ಸ್ವಂತ ಕೆಲಸ ತಂದುಕೊಟ್ಟವನು ನಾನು. ನಮ್ಮ ಆಫೀಸಿನ ಕಟ್ಟಡಕ್ಕೆ ಕುರ್ಲಾದಿಂದ ಒಬ್ಬ ಹೆಂಗಸು ವಾರಕ್ಕೆ ಮೂರು ದಿನ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದುಕೊಡುತ್ತಿದ್ದರು. ವಿಜಾಪುರದ ಕಡೆಯವರು. ಗಂಡ ಕಟ್ಟಡ ಕೆಲಸದ ಮೇಸ್ತ್ರಿ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಆದರೂ ಕನ್ನಡದವರು, ಮರಾಠಿಯವರು ಎಲ್ಲರೂ ಅವರನ್ನು ರೊಟ್ಟಿ ಅಕ್ಕ ಎಂದೇ ಕರೆಯುತ್ತಿದ್ದೆವು. ಏಪ್ರಿಲ್‌ನಲ್ಲಿ ಒಂದು ದಿನ ರೊಟ್ಟಿಯ ಕಟ್ಟು ಕೊಡುತ್ತಾ, ಮಗಳ ಮದುವೆ ಗೊತ್ತಾಗಿದೆ ಎಂದರು. ನಾನು ಸುಮ್ಮನಿರಬಹುದಿತ್ತು. "ನನ್ನ ಮಗಳು ವಿಡಿಯೋ ಎಡಿಟರ್" ಎಂದೆ.

"ಹೌದೇನ್ರಿ ಅಣ್ಣಾರ? ಸಿನಿಮಾದ ಗತೆ ತಗೀತಾಳೇನ್ರಿ?"

"ಸಿನಿಮಾದವರ ಹತ್ತಿರವೇ ಕೆಲಸ ಮಾಡೋದು ಅವಳು" ಎಂದೆ. ಇದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

"ಹಂಗಾರ ಆಕೀನ ತಗೀಲ್ರಿ. ಹೊರಗಿನಾವ್ರು ಯಾಕ ಬೇಕು."

ಮದುವೆ ಮೇ ತಿಂಗಳ ಒಂದು ಭಾನುವಾರ, ಕುರ್ಲಾದ ಒಂದು ಸಣ್ಣ ಹಾಲ್‌ನಲ್ಲಿ. ಮಗಳು ಅಂಧೇರಿಯಲ್ಲಿ ಒಳ್ಳೆಯ ಕ್ಯಾಮೆರಾ ಬಾಡಿಗೆಗೆ ತಂದಳು. ನಾನು ಹೋಗಲಿಲ್ಲ. ಸಂಜೆ ಬಂದವಳು ಕಾಲು ನೀರಿನಲ್ಲಿ ಇಳಿಬಿಟ್ಟು ಕೂತು ನಡೆದದ್ದನ್ನು ಹೇಳಿದಳು. ಹಾಲ್‌ನೊಳಗೆ ಕುದಿಯುವ ಸೆಕೆ. ಅಕ್ಕಿಕಾಳು ಬೀಳಲು ಇನ್ನೇನು ಹತ್ತು ನಿಮಿಷ ಅನ್ನುವಾಗ ಮದುಮಗಳ ಅಜ್ಜಿ ಕುರ್ಚಿಯಿಂದ ಜಾರಿ ಬಿದ್ದುಬಿಟ್ಟಿತು. ರೊಟ್ಟಿ ಅಕ್ಕನ ಗಂಡ ಧಾರೆಗೆ ಕೂತಿದ್ದರು, ಏಳುವಂತಿರಲಿಲ್ಲ. ಮುಹೂರ್ತ ನಿಲ್ಲಿಸುವಂತಿರಲಿಲ್ಲ. ತಮ್ಮ ಜಾಗದಲ್ಲಿ ನಾದಿನಿಯನ್ನು ಕೂರಿಸಿ, ರೊಟ್ಟಿ ಅಕ್ಕನೇ ಅತ್ತೆಯನ್ನು ಎತ್ತಿಕೊಂಡು ರಿಕ್ಷಾದಲ್ಲಿ ಆಸ್ಪತ್ರೆಗೆ ಹೋದರು. ಅಜ್ಜಿಗೆ ಗ್ಲೂಕೋಸ್ ಏರಿಸಿ ವಾಪಸು ಬರುವಷ್ಟರಲ್ಲಿ ತಾಳಿ ಕಟ್ಟಿ, ಊಟದ ಎರಡನೇ ಪಂಕ್ತಿ ಕೂತಿತ್ತು.

"ಆಂಟಿ ನನ್ನ ಕೈ ಹಿಡಿದ್ರು" ಎಂದಳು ಮಗಳು. ಆಮೇಲೆ ಅವರ ಮಾತನ್ನು ಅವರ ಹಾಗೆಯೇ ಹೇಳಲು ಪ್ರಯತ್ನಿಸಿ, ಎರಡು ಸಲ ತಪ್ಪಿ, ಮೂರನೇ ಸಲಕ್ಕೆ ಹೇಳಿದಳು: "'ನೀ ತಗದದ್ದನ್ನ ನಾ ಕುಂತು ನೋಡ್ತೀನವ್ವಾ.'"

ಹೆತ್ತ ಮಗಳ ಮದುವೆಯನ್ನು ಆ ತಾಯಿ ನೋಡಬೇಕಾಗಿದ್ದದ್ದು ನನ್ನ ಮಗಳು ತೆಗೆದದ್ದರಲ್ಲಿ. ನೆಂಟರ ಮೊಬೈಲುಗಳಲ್ಲಿಯೂ ಇತ್ತು, ಇಲ್ಲವೆಂದಲ್ಲ. ಆದರೆ ಅಕ್ಕಿಕಾಳಿನ ಹೊತ್ತಿಗೆ ಎಲ್ಲರೂ ಎದ್ದು ನಿಂತಿದ್ದರು. ಒಬ್ಬೊಬ್ಬರ ಮೊಬೈಲಿನಲ್ಲೂ ಮುಂದಿನವರ ಬೆನ್ನು, ಎತ್ತಿದ ಕೈ, ಬ್ಯಾಂಡಿನ ಗದ್ದಲ. ಮಂಟಪದ ಪಕ್ಕದಲ್ಲೇ ಸ್ಟೂಲಿನ ಮೇಲೆ ನಿಂತವಳು ನನ್ನ ಮಗಳೊಬ್ಬಳೇ.

ಸೋಮವಾರ ಸಂಜೆ ಕ್ಯಾಮೆರಾದ ಕಾರ್ಡುಗಳಿಂದ ಎಲ್ಲವನ್ನೂ ನಮ್ಮ ಕಂಪ್ಯೂಟರಿಗೆ ಇಳಿಸಿದೆವು. ಒಂದು ಡಿಸ್ಕಿನಲ್ಲಿದ್ದರೆ ಸಾಲದು, ಎರಡರಲ್ಲಿರಬೇಕು, ಒಂದು ಕೆಟ್ಟರೆ ಇನ್ನೊಂದು ಎಂದು ಪಾಠ ಹೇಳಿದವನು ನಾನೇ. ಎರಡನೇ ಡಿಸ್ಕಿಗೂ ನಕಲು ಮಾಡಿ, ಸರಿಯಾಗಿ ಬಂದಿದೆಯೇ ಎಂದು ಇಬ್ಬರೂ ಕೂತು ಅಲ್ಲಲ್ಲಿ ತೆರೆದು ನೋಡಿದೆವು. ತಾಳಿ ಕಟ್ಟುವ ತುಣುಕನ್ನು ನಾನು ಪೂರ್ತಿ ನೋಡಿದೆ. ಮದುಮಗಳು ನೇರ ಕೂತಿದ್ದವಳು ಇದ್ದಕ್ಕಿದ್ದಂತೆ ಕತ್ತು ಹೊರಳಿಸಿ ಎಡಗಡೆ ದೂರಕ್ಕೆ ನೋಡಿದಳು. ಮತ್ತೆ ಮುಂದೆ ನೋಡಿದಳು. ಮತ್ತೆ ಎಡಗಡೆ. ಒಟ್ಟು ಮೂರು ಸಲ.

"ದೇಖೋ, ಫ್ರೇಮ್ ಹಾಳು ಮಾಡ್ತಾಳೆ" ಎಂದು ಮಗಳು ಸಿಡುಕಿದಳು. "ಎಷ್ಟು ಸಲ ಹೇಳ್ದೆ, ಕ್ಯಾಮೆರಾ ಕಡೆ ನೋಡು ಅಂತ. ಇದನ್ನೆಲ್ಲ ಕಟ್ ಮಾಡ್ತೀನಿ."

ಎಡಗಡೆ ಏನಿತ್ತು ಎಂದು ಕೇಳಿದೆ. ಬಾಗಿಲು, ಎಂದಳು. ನಮ್ಮಿಬ್ಬರಿಗೂ ಆಗ ಅಷ್ಟರ ಮೇಲೆ ಏನೂ ಹೊಳೆಯಲಿಲ್ಲ.

ಮಂಗಳವಾರ ಕ್ಯಾಮೆರಾ ವಾಪಸು ಕೊಡಬೇಕಿತ್ತು, ಕಾರ್ಡುಗಳ ಸಮೇತ. ಅವಳು ಕಾರ್ಡು ಖಾಲಿ ಮಾಡಲೋ ಬೇಡವೋ ಎಂದು ಅನುಮಾನಿಸಿದಳು. "ಎರಡೆರಡು ಕಡೆ ಇದೆ, ಇನ್ನೇನು ಹೆದರಿಕೆ? ಮಾಡು" ಎಂದೆ. ಮಾಡಿದಳು.

ಆ ಶುಕ್ರವಾರ ಅವಳು ಎಡಿಟಿಂಗ್‌ಗೆ ಕೂತಾಗ ಒಂದು ಡಿಸ್ಕು ಪರದೆಯಿಂದ ಮಾಯವಾಗಿ ಮತ್ತೆ ಬಂತು. "ಅಪ್ಪಾ, ಅಂದರ್ ಸೇ ಟಕ್ ಟಕ್ ಅಂತಿದೆ" ಎಂದು ಕರೆದಳು. ಕಿವಿಯಿಟ್ಟು ಕೇಳಿದೆ. ಗೊತ್ತಾಯಿತು. ವೈಗೆ ವೈ ಸಿಕ್ಕಿಸಿ, ಅದಕ್ಕೊಂದು ವೈ ಸಿಕ್ಕಿಸಿದ ನನ್ನ ಸಂಸಾರದಲ್ಲಿ ಎಲ್ಲೋ ಒಂದು ಕನೆಕ್ಟರ್ ಸಡಿಲವಾಗಿ, ಕೊನೆಯಲ್ಲಿರುವ ಡಿಸ್ಕಿಗೆ ಊಟ ಸಾಲುತ್ತಿರಲಿಲ್ಲ. ಇಷ್ಟು ವರ್ಷ ಉದಾಸೀನ ಮಾಡಿದವನು ಆ ದಿನ ಮಾತ್ರ ಜವಾಬ್ದಾರಿಯ ಮನುಷ್ಯನಾದೆ. ಮದುವೆಯ ವಿಡಿಯೋ ಇರುವಾಗ ಇಂಥ ಆಟ ಬೇಡ, ಎರಡು ಡಿಸ್ಕಿಗೂ ಬೇರೆ ತಂತಿಯನ್ನೇ ಕೊಡುತ್ತೇನೆ ಎಂದು ತೀರ್ಮಾನಿಸಿದೆ.

ಭಾನುವಾರ ಬೆಳಿಗ್ಗೆ, ಮಗಳು ಇನ್ನೂ ಮಲಗಿದ್ದಾಗ, ಪೆಟ್ಟಿಗೆ ಬಿಚ್ಚಿದೆ. ನನ್ನ ಎಸ್‌ಎಂಪಿಎಸ್ ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತಂದದ್ದು. ಹೊಸ ಬಗೆಯದು. ಹಳೆಯವುಗಳಲ್ಲಿ ತಂತಿಗಳು ಡಬ್ಬಿಗೇ ಅಂಟಿಕೊಂಡಿರುತ್ತವೆ. ಇದರಲ್ಲಿ ಡಬ್ಬಿಯ ಬೆನ್ನಿನ ಮೇಲೆ ಸಾಕೆಟ್ಟುಗಳಿರುತ್ತವೆ, ಬೇಕಾದಷ್ಟು ಕೇಬಲ್ ಮಾತ್ರ ಸಿಕ್ಕಿಸಿಕೊಳ್ಳಬಹುದು. ಒಂದು ಸಾಕೆಟ್ ಖಾಲಿಯೇ ಇತ್ತು. ಅದರ ಜೊತೆಗೆ ಬಂದ ಕೇಬಲ್ ಒಂದೇ ಒಂದು. ಚಕ್ಕುಲಿ ಡಬ್ಬ ತೆಗೆದೆ. ಬೇರೊಂದು ಕಂಪನಿಯ, ಯಾವಾಗಲೋ ಸತ್ತುಹೋದ ಎಸ್‌ಎಂಪಿಎಸ್‌ನ ಕೇಬಲ್ ಒಂದಿತ್ತು. ಡಿಸ್ಕಿಗೆ ಹಾಕುವ ಎರಡು ಕನೆಕ್ಟರ್, ಈ ಕಡೆ ಆರು ಪಿನ್ನು. ಅದನ್ನು ಹಿಡಿದು ನೋಡಿದೆ. ಸಾಕೆಟ್ಟಿಗೆ ಒತ್ತಿದೆ. ಟಕ್ ಎಂದು ಎಷ್ಟು ಚೆನ್ನಾಗಿ ಕೂತಿತೆಂದರೆ, ಹೆಂಡತಿಯನ್ನು ಕರೆದು ತೋರಿಸಿದೆ. "ನೋಡು, ಎಸೀಬೇಡಿ ಎಸೀಬೇಡಿ ಅಂತ ನಾನು ಯಾಕೆ ಹೇಳೋದು" ಎಂದೆ.

ಒಂದು ಡಿಸ್ಕನ್ನು ಈ ಕೇಬಲ್ಲಿಗೆ ಹಾಕಿ ಇನ್ನೊಂದನ್ನು ಇದ್ದಲ್ಲೇ ಬಿಡಬಹುದಿತ್ತು. ಆದರೆ ಕೇಬಲ್ಲಿನಲ್ಲಿ ಎರಡು ಕನೆಕ್ಟರ್ ಇತ್ತಲ್ಲ. ಎರಡನ್ನೂ ಅದಕ್ಕೇ ಹಾಕಿದೆ. ನೋಡಲು ಚೊಕ್ಕವಾಗಿತ್ತು. ಸ್ವಿಚ್ ಒತ್ತಿದೆ.

ಬೆಂಕಿಯೇನೂ ಬರಲಿಲ್ಲ. ಚಿಟ್ ಎಂದು ಒಂದು ಸದ್ದು, ಅದರ ಹಿಂದೆಯೇ ಇನ್ನೊಂದು. ಕೂದಲು ಸುಟ್ಟಂಥ ವಾಸನೆ. ಆಫ್ ಮಾಡಿ ಎರಡೂ ಡಿಸ್ಕನ್ನು ಬಿಚ್ಚಿ ಮೂಸಿದೆ. ಎರಡೂ ಒಂದೇ ವಾಸನೆ ಹೊಡೆಯುತ್ತಿದ್ದವು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಅನ್ನುತ್ತಾರಲ್ಲ, ನಾನು ಮಾಡಿದ್ದು ಅದು. ಸಡಿಲ ಕನೆಕ್ಟರುಗಳು, ಒಂದರ ಬೆನ್ನಿಗೆ ಒಂದು ವೈ, ಎಷ್ಟು ವರ್ಷದ ಕೆಟ್ಟ ಸಂಸಾರ. ಅದರಲ್ಲಿದ್ದಷ್ಟು ದಿನ ಆ ಡಿಸ್ಕುಗಳು ಬದುಕಿದ್ದವು.

ಮಗಳನ್ನು ಎಬ್ಬಿಸಿ ಹೇಳಿದೆ. ಅವಳು ಕೂಗಾಡಲಿಲ್ಲ. ಬಂದು ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತು, ತುಂಬಾ ಹೊತ್ತು ಕೇಬಲ್ಲನ್ನೇ ನೋಡಿದಳು.

"ದೋನೋ ಡಿಸ್ಕು ಯಾಕೆ ಒಂದರಲ್ಲೇ ಹಾಕಿದ್ರಿ?" ಎಂದಳು.

ಅವಳು ಕೇಳಿದ್ದು ಅದೊಂದೇ. ಚೊಕ್ಕವಾಗಿ ಕಂಡಿತು ಅಂತ ಹಾಕಿದ್ದೆ. ನೆಲದ ಮೇಲಿದ್ದ ಸ್ಕ್ರೂಗಳನ್ನು ಹೆಕ್ಕತೊಡಗಿದೆ.

ಲ್ಯಾಮಿಂಗ್ಟನ್ ರೋಡಿನಲ್ಲಿ ಸತ್ತ ಡಿಸ್ಕುಗಳಿಂದ ಫೈಲು ತೆಗೆದುಕೊಡುವ ಒಬ್ಬ ಮುದುಕನಿದ್ದ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನಾನು ಒಯ್ದ ಎರಡೂ ಡಿಸ್ಕಿನ ಹೊಟ್ಟೆಯ ಕೆಳಗಿನ ಹಸಿರು ಸರ್ಕ್ಯೂಟ್ ಹಲಗೆಯನ್ನು ನೋಡಿದ. ನಾನು ಜೇಬಿನಿಂದ ಕೇಬಲ್ ತೆಗೆದು ತೋರಿಸಿದೆ. ಅವನು ತನ್ನ ಡ್ರಾಯರಿನಿಂದ ಅಂಥದೇ ಇನ್ನೊಂದನ್ನು ತೆಗೆದು ಪಕ್ಕದಲ್ಲಿಟ್ಟ. ಅಣ್ಣತಮ್ಮಂದಿರ ಹಾಗಿದ್ದವು. ಆಮೇಲೆ ಬೆರಳಿಟ್ಟು ಒಂದೊಂದೇ ಪಿನ್ನನ್ನು ತೋರಿಸಿದ. ಇದರಲ್ಲಿ ಐದು ವೋಲ್ಟ್ ಬರುವ ಜಾಗದಲ್ಲಿ ಅದರಲ್ಲಿ ಹನ್ನೆರಡು ಬರುತ್ತದೆ. ಡಿಸ್ಕಿನ ಕಡೆಯ ತುದಿ ಎಲ್ಲ ಕಂಪನಿಗೂ ಒಂದೇ. ಡಬ್ಬಿಯ ಕಡೆಯ ತುದಿಯನ್ನು ಒಬ್ಬೊಬ್ಬರು ಒಂದೊಂದು ಥರ ಮಾಡುತ್ತಾರೆ.

"ಕೂತಿತಲ್ಲ" ಎಂದೆ ನಾನು ಹಿಂದಿಯಲ್ಲಿ.

"ಕೂರೋದು ಎಲ್ಲಾ ಕೂರುತ್ತೆ, ಸಾಬ್" ಎಂದ.

ಎರಡು ವಾರ ಇಟ್ಟುಕೊಂಡ. ಹಲಗೆ ಬದಲಾಯಿಸಿ ನೋಡಿದ. ಒಂದು ತಿರುಗಲೇ ಇಲ್ಲ. ಇನ್ನೊಂದು ತಿರುಗಿತು, ಆದರೆ ಓದುವ ಸಾಮಾನು ಒಳಗೇ ಸುಟ್ಟಿತ್ತು. ಇನ್ನೂ ದೊಡ್ಡ ಲ್ಯಾಬಿಗೆ ಕಳಿಸಿದರೂ ಭರವಸೆ ಇಲ್ಲ ಎಂದ. ಆದರೂ ಅವನ ಪರಿಚಯದ ಒಂದಕ್ಕೆ ಕಳಿಸಿದೆವು. ಅಲ್ಲಿಂದಲೂ ಅದೇ ಉತ್ತರ ಬಂತು.

ಆ ದಿನಗಳಲ್ಲಿ ರೊಟ್ಟಿ ಅಕ್ಕ ವಾರಕ್ಕೆ ಮೂರು ಸಲ ನಮ್ಮ ಆಫೀಸಿಗೆ ಬರುತ್ತಲೇ ಇದ್ದರು. ಪ್ರತಿ ಸಲವೂ ಕೇಳುತ್ತಿದ್ದರು: "ಎಲ್ಲೀ ಮಟಾ ಬಂತ್ರಿ ಅಣ್ಣಾರ, ಪಿಚ್ಚರು?" ನಾನು "ನಡೀತಾ ಇದೆ" ಅನ್ನುತ್ತಿದ್ದೆ. "ಗಡಿಬಿಡಿ ಇಲ್ರಿ, ಛಲೋ ಮಾಡ್ಲಿ ಹುಡುಗಿ" ಎಂದು ನನ್ನ ಕಟ್ಟಿಗೆ ಒಂದು ರೊಟ್ಟಿ ಹೆಚ್ಚು ಇಡುತ್ತಿದ್ದರು. ಆ ರೊಟ್ಟಿಯನ್ನು ಪಕ್ಕದ ಮೇಜಿನವನಿಗೆ ಕೊಟ್ಟುಬಿಡುತ್ತಿದ್ದೆ. ನನಗೆ ನಾಚಿಕೆಯಾಗುತ್ತಿತ್ತು. ಆದರೂ ಹೇಳಲಿಲ್ಲ. ರೊಟ್ಟಿ ಅಕ್ಕ ಬರುವ ಹೊತ್ತಿಗೆ ಬಾತ್‌ರೂಮಿಗೆ ಹೋಗಿ ನಿಲ್ಲುವುದನ್ನೂ ಕಲಿತೆ. ಐವತ್ತಾರು ವರ್ಷದ ಗಂಡಸು.

ಕೊನೆಗೆ ಮಗಳೇ ಹೇಳಿದಳು, ಭಾನುವಾರ ಕುರ್ಲಾಕ್ಕೆ ಹೋಗೋಣ ಎಂದು. "ನಾನೊಬ್ಬಳೇ ಹೋಗ್ತೀನಿ" ಅಂತಲೂ ಅಂದಳು. ಒಬ್ಬಳನ್ನೇ ಕಳಿಸುವಷ್ಟು ನಾನು ಕೆಳಗಿಳಿದಿರಲಿಲ್ಲ.

ಮಲಾಡಿನಿಂದ ದಾದರ್, ಅಲ್ಲಿ ಗಾಡಿ ಬದಲಿಸಿ ಕುರ್ಲಾ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಮಡಚಿಟ್ಟುಕೊಂಡೆ. ವೋಲ್ಟೇಜ್ ಹೆಚ್ಚಾಗಿ ಸುಟ್ಟುಹೋಯಿತು. ನನ್ನ ಮೇಜಿಗೆ ಬರುವ ಕ್ಲೇಮುಗಳಲ್ಲಿ ಜನ ಬರೆಯುವ ಮಾತು ಇದು. ಟೀವಿ ಕೆಳಗೆ ಬಿದ್ದು ಒಡೆದಿರುತ್ತದೆ, ಫ್ರಿಜ್ಜಿಗೆ ವಯಸ್ಸಾಗಿರುತ್ತದೆ, ಕಾಗದದಲ್ಲಿ ಮಾತ್ರ ವೋಲ್ಟೇಜು. ಬರೆದವರ ಸುಳ್ಳು ನನಗೆ ಎರಡನೇ ಸಾಲಿನಲ್ಲೇ ಗೊತ್ತಾಗುತ್ತಿತ್ತು. ಆದರೂ ಆ ಭಾನುವಾರ ನನಗೆ ಬೇರೆ ಮಾತು ಸಿಗಲಿಲ್ಲ.

"ನಾನು ಮಾತಾಡ್ತೀನಿ" ಎಂದೆ ಮಗಳಿಗೆ, ದಾದರ್ ಸೇತುವೆಯ ಮೇಲೆ. "ಅವರ ಕನ್ನಡ ನಿನಗೆ ಸರಿಯಾಗಿ ತಿಳಿಯೋದಿಲ್ಲ."

ಅವಳು ಕೈಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿ ಮೆಟ್ಟಿಲಿಳಿದಳು.

ಅವರದು ಸಾಲುಮನೆಗಳ ಒಂದು ಚಾಳಿನಲ್ಲಿ ಒಂದೂವರೆ ಕೋಣೆಯ ಮನೆ. ಮೇಸ್ತ್ರಿ ಕೆಲಸಕ್ಕೆ ಹೋಗಿದ್ದರು, ಅಜ್ಜಿ ಒಳಗೆ ಮಲಗಿತ್ತು. ಬಾಗಿಲಲ್ಲೇ ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ನಮ್ಮನ್ನು ನೋಡಿ ರೊಟ್ಟಿ ಅಕ್ಕನ ಮುಖ ಅರಳಿತು. ಮಗಳ ಕೈಚೀಲದ ಕಡೆಗೆ ಅವರ ಕಣ್ಣು ಹೋದದ್ದನ್ನು ನಾನು ಕಂಡೆ.

"ಬರ್ರಿ, ಕುಂದರ್ರಿ. ಪಿಚ್ಚರ್ ತಂದೀರೇನ್ರಿ?"

ನಾನು ಕೂತೆ. "ಅಕ್ಕಾ, ಒಂದು ತೊಂದರೆ ಆಗಿದೆ" ಎಂದೆ. "ಕಂಪ್ಯೂಟರಿನಲ್ಲಿ ಇಟ್ಟಿದ್ದೆವು. ಎರಡು ಕಡೆ ಇಟ್ಟಿದ್ದೆವು. ಎರಡೂ ಸುಟ್ಟುಹೋದವು. ತುಂಬಾ ಪ್ರಯತ್ನ ಮಾಡಿದೆವು. ಏನೂ ಉಳಿದಿಲ್ಲ."

ಅವರ ಕೈ ಹಿಟ್ಟಿನ ಮೇಲೆಯೇ ನಿಂತಿತು. ಆಮೇಲೆ ಅವರು ನನ್ನ ಮುಖ ನೋಡಿದರು. ನಾನು ಕಷ್ಟಪಡುತ್ತಿದ್ದದ್ದು ಅವರಿಗೆ ಕಂಡಿರಬೇಕು. ಅಂಥ ಹೊತ್ತಿನಲ್ಲೂ ನನಗೊಂದು ಆಸರೆ ಕೊಟ್ಟರು.

"ಕರೆಂಟ್ ಹೆಚ್ಚಾಗಿತ್ತೇನ್ರಿ? ನಮ್ಮ ಚಾಳಿನ್ಯಾಗೂ ಹಂಗ ಆಗಿ, ಹ್ವಾದ ವರ್ಷ ಟೀವಿ ಸುಟ್ಟಿತ್ರಿ."

ನಾನು ಮಡಚಿಟ್ಟುಕೊಂಡು ಬಂದ ಮಾತನ್ನು ಬಿಚ್ಚುವ ಕಷ್ಟವೂ ಬರಲಿಲ್ಲ. "ಹೌದಕ್ಕಾ" ಎಂದೆ.

"ಅಲ್ಲ ಆಂಟಿ" ಎಂದಳು ಮಗಳು.

ಅವಳು ಇನ್ನೂ ಬಾಗಿಲ ಹತ್ತಿರ ನಿಂತೇ ಇದ್ದಳು. "ಕರೆಂಟ್ ಅಲ್ಲ. ಅಪ್ಪ ಗಲತ್ ವೈರ್ ಹಾಕಿದ್ರು. ಹಳೇದು. ನಾನು ಕ್ಯಾಮೆರಾ ಕಾರ್ಡ್ ಖಾಲಿ ಮಾಡಿದ್ದೆ. ಬಹಳ ಜಲ್ದಿ ಮಾಡ್ದೆ. ಅದು ನನ್ನ ಗಲ್ತಿ. ಈಗ ಕುಛ್ ನಹೀ... ಏನೂ ಇಲ್ಲ."

ಹಂಚಿನ ಮೇಲಿದ್ದ ರೊಟ್ಟಿ ಸೀಯತೊಡಗಿತು. ರೊಟ್ಟಿ ಅಕ್ಕ ಅದನ್ನು ಬರಿಗೈಯಲ್ಲೇ ತೆಗೆದು ಪಕ್ಕಕ್ಕೆ ಹಾಕಿದರು. ಒಲೆ ಆರಿಸಿದರು. ಸೆರಗಿನಲ್ಲಿ ಕೈ ಒರೆಸಿಕೊಂಡರು, ಕಣ್ಣನ್ನಲ್ಲ. ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ. ನಿಜ ಹೇಳುವುದಾದರೆ ಅದನ್ನು ಬಯಸುತ್ತಿದ್ದೆ. ಬೈದಿದ್ದರೆ ಎದ್ದು ಬರಬಹುದಿತ್ತು.

ಆದರೆ ಅವರು ನನ್ನ ಕಡೆ ತಿರುಗಲೇ ಇಲ್ಲ. "ನೀ ಅಲ್ಲೇ ಇದ್ದೆಲ್ಲವಾ?" ಎಂದರು ಮಗಳಿಗೆ. "ಎಲ್ಲಾ ನಿನ್ನ ಕಣ್ಣೀಲೆ ನೋಡೀದಿ?"

"ನೋಡಿದೆ."

"ಹಂಗಾರ ಬಾ. ಇಲ್ಲಿ ಕುಂದರ. ಹೇಳು ನನಗ. ನಾ ಎದ್ದು ಹ್ವಾದ ಮ್ಯಾಗ ಏನೇನಾತು, ಮದಲಿಂದ ಹೇಳು."

ಮಗಳು ನನ್ನ ಮುಖ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು, ಹೋಗಿ ಹಿಟ್ಟಿನ ಪರಾತದ ಪಕ್ಕದಲ್ಲಿ ಕೂತಳು.

ಅವಳು ಅಷ್ಟು ಹೊತ್ತು ಕನ್ನಡ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಮೊದಮೊದಲು ಎರಡು ಪದಕ್ಕೊಮ್ಮೆ ನಿಲ್ಲುತ್ತಿದ್ದಳು. "ಅಪ್ಪಾ, ಆ ಸಫೇದ್ ಪರದಾಗೆ ಏನಂತಾರೆ?" ಎಂದು ಕೇಳಿದಳು. ಅಂತರಪಟ, ಎಂದೆ. "ಹಣೆಗೆ ಕಟ್ಟೋದು?" ಬಾಸಿಂಗ, ಎಂದರು ರೊಟ್ಟಿ ಅಕ್ಕನೇ. ಅಂತರಪಟ ಹಿಡಿದವರಲ್ಲಿ ಒಬ್ಬನ ಕೈ ನಡುಗುತ್ತಿತ್ತು ಎಂದಳು. ಮದುಮಗನ ಮೂಗಿನ ತುದಿಯಲ್ಲಿ ಬೆವರ ಹನಿ ನಿಂತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ, ಮದುಮಗಳಿಗೆ ನಗು ಬಂತು ಎಂದಳು. ಮದುಮಗಳ ಬಾಸಿಂಗದ ಬಲಗಡೆಯ ದಾರ ಸಡಿಲಾಗಿ ಸೋದರತ್ತೆ ಮತ್ತೆ ಕಟ್ಟಿದರು. ಸೀರೆಯ ಅಂಚಿನ ಮೇಲೆ ಅಕ್ಕಿಕಾಳು ಎಲ್ಲೆಲ್ಲಿ ನಿಂತಿದ್ದವು ಎಂಬುದನ್ನೂ ತನ್ನ ಸಲ್ವಾರಿನ ಮೇಲೆ ಬೆರಳಿಟ್ಟು ತೋರಿಸಿದಳು. ತಾಳಿಯ ಗಂಟು ಮೊದಲ ಸಲ ಜಾರಿತು. ಹಿಂದಿನಿಂದ ಯಾರೋ ಕೂಗಿ ಹೇಳಿದರು. ಎರಡನೇ ಸಲ ಗಟ್ಟಿಯಾಯಿತು. ಅವಳು ಮದುವೆಯನ್ನು ಕ್ಯಾಮೆರಾದ ಕಿಂಡಿಯಲ್ಲಿ ನೋಡಿದ್ದಳು. ಅದಕ್ಕೇ ಏನೋ, ಒಂದೂ ಬಿಟ್ಟಿರಲಿಲ್ಲ.

ರೊಟ್ಟಿ ಅಕ್ಕ ಕಣ್ಣು ಮುಚ್ಚಿ ಕೇಳುತ್ತಿದ್ದರು. ನಡುವೆ ಒಮ್ಮೆ ಕಣ್ಣು ಬಿಟ್ಟು ಕೇಳಿದರು.

"ತಾಳಿ ಕಟ್ಟೂ ಮುಂದ... ಆಕೀ ನನ್ನ ಹುಡುಕಿದಳೇನು?"

ಮಗಳಿಗೆ ಆಗ ತಿಳಿದದ್ದು ನನಗೂ ಅದೇ ಗಳಿಗೆಯಲ್ಲಿ ತಿಳಿಯಿತು.

"ಬಾಗಿಲ ಕಡೆ ನೋಡಿದ್ಲು" ಎಂದಳು. "ತೀನ್ ಬಾರ್. ಮೂರು ಸಲ. ನಾನು ಬೈದೆ ಆಂಟಿ. ಕ್ಯಾಮೆರಾ ನೋಡು ಅಂತ ಬೈದೆ."

ರೊಟ್ಟಿ ಅಕ್ಕ ಅವಳ ಮುಖವನ್ನೇ ನೋಡಿದರು. ತಮ್ಮನ್ನು ಸಮಾಧಾನ ಮಾಡಲು ಈ ಹುಡುಗಿ ಕಟ್ಟಿ ಹೇಳುತ್ತಿದ್ದಾಳೆಯೇ ಎಂಬ ಅನುಮಾನ ಅವರಿಗೆ ಬಂದಿರಬೇಕು. ಮೊದಲ ಬಾರಿಗೆ ನನ್ನ ಕಡೆ ತಿರುಗಿದರು.

"ಖರೇನ್ರಿ ಅಣ್ಣಾರ? ನೀವೂ ನೋಡೀರೇನು?"

ನಾನು ನೋಡಿದ್ದೆ. ಸೋಮವಾರ ಸಂಜೆ, ನಮ್ಮ ಮನೆಯ ಪರದೆಯ ಮೇಲೆ, ಮೂರು ಸಲವನ್ನೂ ಎಣಿಸಿದ್ದೆ. ಆ ಮದುವೆಯಲ್ಲಿ ನಾನು ಕಂಡದ್ದು ಅಷ್ಟೇ, ಮತ್ತು ಆ ವಿಡಿಯೋ ಕಂಡವರು ಜಗತ್ತಿನಲ್ಲಿ ನಾವಿಬ್ಬರೇ ಉಳಿದಿದ್ದೆವು.

"ಖರೆ ಅಕ್ಕಾ. ನಾನೂ ನೋಡಿದ್ದೀನಿ" ಎಂದೆ.

ಸ್ವಲ್ಪ ಹೊತ್ತಿನ ಹಿಂದೆ "ಹೌದಕ್ಕಾ" ಎಂದಿದ್ದ ಬಾಯಿ ಅದೇ, ದನಿಯೂ ಅದೇ. ಅವರು ನನ್ನನ್ನು ಒಂದಷ್ಟು ಹೊತ್ತು ನೋಡಿದರು. ಆಮೇಲೆ ನನ್ನ ಮಗಳ ಕಡೆಗೆ ತಿರುಗಿ ಅವಳ ಮೊಣಕಾಲು ಮುಟ್ಟಿದರು.

"ನೀ ಹೇಳವ್ವಾ" ಎಂದರು. "ಮೂರೂ ಸಲ ನೋಡಿದಳಾ?"